ಬ, ದ, ಗ ಕೇಳಿದಾಗ ಮಿದುಳಿನಲ್ಲಿ ಏಳುವ ಅಲೆ, ಅದನ್ನು ಕೆಣಕುವ ಕಾಂತದ ಮಿಡಿತ

'ಬ' ಎಂಬ ಸದ್ದು ಕಿವಿಗೆ ಬಿದ್ದ ಆರೇಳು ಮಿಲಿಸೆಕೆಂಡಿನಲ್ಲೇ ಅದರ ಸುಳಿವು ಮಿದುಳುಕಾಂಡದಲ್ಲಿ ಸಿಗುತ್ತದೆ. 100 ಮಿಲಿಸೆಕೆಂಡಿನ ಹೊತ್ತಿಗೆ ಶ್ರವಣ ತೊಗಟೆ, ಅಂದರೆ ಮಿದುಳಿನ ಹೊರಪದರದಲ್ಲಿ ಸದ್ದಿಗೆ ಮೀಸಲಾದ ಭಾಗ, ಜೋರಾಗಿಯೇ ಸ್ಪಂದಿಸುತ್ತಿರುತ್ತದೆ. ಅಲ್ಲಿಯವರೆಗೆ 'ದ, ದ, ದ' ಎಂದೇ ಬರುತ್ತಿದ್ದ ಸಾಲಿನಲ್ಲಿ ಈ 'ಬ' ನಡುವೆ ನುಸುಳಿದ್ದರೆ, 'ಇದು ಬೇರೆ' ಎಂಬ ಗುರುತು 150ರಿಂದ 200 ಮಿಲಿಸೆಕೆಂಡಿನ ಸುಮಾರಿಗೆ ಮೂಡುತ್ತದೆ. ಕೇಳುವವರು ಸದ್ದಿನ ಕಡೆ ಲಕ್ಷ್ಯವನ್ನೇ ಕೊಡದೆ ಮೂಕ ವಿಡಿಯೊ ನೋಡುತ್ತ ಕೂತಿದ್ದರೂ ಇದು ನಡೆಯುತ್ತದೆ. ತಲೆಯ ಮೇಲೆ ಅಂಟಿಸಿದ ಎಲೆಕ್ಟ್ರೋಡುಗಳಿಂದ ಇಷ್ಟನ್ನೂ ಓದಬಹುದು. ಆದರೆ ಮಿದುಳಿನ ಯಾವ ಭಾಗ ಈ ಕೆಲಸಕ್ಕೆ ನಿಜವಾಗಿ ಬೇಕು, ಯಾವುದು ಸುಮ್ಮನೆ ಜೊತೆಗೆ ಚುರುಕಾಗಿದೆ ಎಂದು ಈ ಅಲೆಗಳು ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ಒಂದು ಭಾಗದ ಕೆಲಸವನ್ನು ಸ್ವಲ್ಪ ಹೊತ್ತು ಕೆಡಿಸಿ, ಅಲೆ ಬದಲಾಯಿತೇ ಎಂದು ನೋಡಬೇಕು. ಕಾಂತೀಯ ಪ್ರಚೋದನೆ ಬರುವುದು ಅಲ್ಲಿ.

ಮೊದಲು ಅಲೆಯ ಮೂಲ ನೋಡೋಣ. ತೊಗಟೆಯಲ್ಲಿರುವ ಪಿರಮಿಡ್ ಆಕಾರದ ನರಕೋಶಗಳು ಅದರ ಮೇಲ್ಮೈಗೆ ಲಂಬವಾಗಿ, ಒಂದರ ಪಕ್ಕ ಒಂದರಂತೆ ನಿಂತಿವೆ. ಬಹಳಷ್ಟು ಕೋಶಗಳಿಗೆ ಒಟ್ಟಿಗೇ ಸಂದೇಶ ಬಂದಾಗ ಅವುಗಳ ಸಣ್ಣ ಸಣ್ಣ ಪ್ರವಾಹಗಳು ಕೂಡಿಕೊಂಡು, ತಲೆಬುರುಡೆಯ ಆಚೆಗೂ ತಲುಪಿ, ಚರ್ಮದ ಮೇಲೆ ಕೆಲವು ಮೈಕ್ರೊವೋಲ್ಟ್‌ಗಳಷ್ಟು ವ್ಯತ್ಯಾಸ ತೋರಿಸುತ್ತವೆ. ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ತಲೆಯಿಂದ ದಾಖಲಿಸಿ 1929ರಲ್ಲಿ ಪ್ರಕಟಿಸಿದ್ದು ಇದನ್ನೇ. ಇಇಜಿ ಎಂದು ಕರೆಯುವುದು ಇದಕ್ಕೇ.

ಶ್ರವಣ ತೊಗಟೆ ಇರುವುದು ಕಿವಿಯ ಮೇಲಿನ ಭಾಗದಲ್ಲಿ, ಆದರೆ ಹೊರಮೈಯಲ್ಲಲ್ಲ. ಮಿದುಳಿನ ಪಕ್ಕದ ಭಾಗವಾದ ಕಪೋಲ ಹಾಲೆಯ ಮೇಲ್ಮುಖದಲ್ಲಿ, ಒಂದು ಆಳವಾದ ಬಿರುಕಿನೊಳಗೆ. ಹಾಗಾಗಿ ಅಲ್ಲಿನ ಪ್ರವಾಹಗಳು ಪಕ್ಕಕ್ಕಲ್ಲ, ಮೇಲಕ್ಕೆ ಮತ್ತು ಸ್ವಲ್ಪ ಮುಂದಕ್ಕೆ ಮುಖಮಾಡಿರುತ್ತವೆ. ಕಿವಿಯ ಹತ್ತಿರ ಎಲೆಕ್ಟ್ರೋಡ್ ಇಟ್ಟರೆ ದೊಡ್ಡ ಅಲೆ ಸಿಗುತ್ತದೆ ಎಂದುಕೊಂಡವರಿಗೆ ಇಲ್ಲಿ ನಿರಾಸೆ: ಅಲೆ ದೊಡ್ಡದಾಗಿ ಕಾಣುವುದು ನೆತ್ತಿಯಲ್ಲಿ ಮತ್ತು ಅದರ ತುಸು ಮುಂದೆ. ಮೂಗಿನ ತುದಿಯನ್ನು ಆಧಾರಬಿಂದುವಾಗಿಟ್ಟು ಅಳೆದರೆ, ನೆತ್ತಿಯಲ್ಲಿ ಋಣವಾಗಿ ಕಂಡ ಅಲೆ ಕಿವಿಯ ಹಿಂದಿನ ಮೂಳೆಯ ಮೇಲೆ ಧನವಾಗಿ ತಿರುಗಿರುತ್ತದೆ. ಈ ತಿರುವು ಕಂಡರೆ ಅಲೆ ಶ್ರವಣ ತೊಗಟೆಯದೇ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಕಾಣದಿದ್ದರೆ ಮುಂದೆ ಹೋಗುವ ಮೊದಲು ಎರಡು ಸಲ ಯೋಚಿಸಬೇಕು.

ಮಾತಿನ ಸದ್ದಿಗೆ ಬರುವ ಉತ್ತರಗಳನ್ನು ಕಾಲಕ್ಕೆ ತಕ್ಕಂತೆ ಮೂರು ಪದರವಾಗಿ ನೋಡಬಹುದು. ಮೊದಲ 10 ಮಿಲಿಸೆಕೆಂಡಿನಲ್ಲಿ ಬರುವುದು ಮಿದುಳುಕಾಂಡದ ಉತ್ತರ. ನವಜಾತ ಶಿಶುಗಳ ಶ್ರವಣ ತಪಾಸಣೆಗೆ ಇದನ್ನೂ ಬಳಸುತ್ತಾರೆ. ಇದರ ಎತ್ತರ ಒಂದು ಮೈಕ್ರೊವೋಲ್ಟ್ ಕೂಡ ಇರುವುದಿಲ್ಲ, ಹಾಗಾಗಿ ಸದ್ದನ್ನು ಸಾವಿರಾರು ಸಲ ಕೇಳಿಸಬೇಕು. ಇದರ ಬೆನ್ನಿಗೇ, ಸ್ವರ ಇರುವಷ್ಟು ಹೊತ್ತೂ, ದನಿಯ ಕಂಪನವನ್ನು ಹೆಚ್ಚುಕಡಿಮೆ ನಕಲು ಮಾಡುವ ಉತ್ತರವೊಂದು ಮುಂದುವರಿಯುತ್ತದೆ: ದನಿ 100 ಹರ್ಟ್ಜ್ ಇದ್ದರೆ ಅಲೆಯೂ 100 ಹರ್ಟ್ಜ್. ಎರಡನೆಯ ಪದರ ಶ್ರವಣ ತೊಗಟೆಯದು. 50 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಒಂದು ಸಣ್ಣ ಧನ ಉಬ್ಬು, 100ಕ್ಕೆ ದೊಡ್ಡ ಋಣ ಅಲೆ, 200ರ ಹತ್ತಿರ ಮತ್ತೊಂದು ಧನ ಉಬ್ಬು. ನಡುವಿನ ಋಣ ಅಲೆಗೆ ಎನ್1 ಎಂದು ಹೆಸರು. ಯಾವ ಸದ್ದು ಶುರುವಾದರೂ ಇದು ಬರುತ್ತದೆ, ಅದು ಮಾತೇ ಆಗಬೇಕೆಂದಿಲ್ಲ. ಮೂರನೆಯದು ರಿಸ್ಟೊ ನಾತಾನೆನ್ ಮತ್ತು ಸಂಗಡಿಗರು 1978ರಲ್ಲಿ ವಿವರಿಸಿದ ಉತ್ತರ. ಪರಿಣತರ ಬಾಯಲ್ಲಿ ಎಂಎಂಎನ್ (ಮಿಸ್‌ಮ್ಯಾಚ್ ನೆಗೆಟಿವಿಟಿ). ಒಂದೇ ಸದ್ದು ಮರುಕಳಿಸುತ್ತಿರುವಾಗ ಅಪರೂಪಕ್ಕೆ ಬೇರೆ ಸದ್ದು ಬಂದರೆ 100ರಿಂದ 250 ಮಿಲಿಸೆಕೆಂಡಿನ ನಡುವೆ ಕಾಣುವ ಹೆಚ್ಚುವರಿ ಋಣ ಅಲೆ ಇದು.

ಮಾತಿನ ಸಂಶೋಧನೆಗೆ ಈ ಮೂರನೆಯದೇ ಹೆಚ್ಚು ಉಪಯೋಗ, ಯಾಕೆಂದರೆ ಕೇಳುಗರ ಭಾಷೆ ಇದರಲ್ಲಿ ಕಾಣಿಸಿಕೊಳ್ಳುತ್ತದೆ. 1997ರಲ್ಲಿ ನಾತಾನೆನ್ ತಂಡ ಫಿನ್ನಿಶ್ ಮತ್ತು ಎಸ್ಟೋನಿಯನ್ ಭಾಷಿಕರಿಗೆ ಒಂದೇ ಸ್ವರಗಳ ಸಾಲನ್ನು ಕೇಳಿಸಿತು. ಅದರಲ್ಲಿ ಒಂದು ಸ್ವರ ಎಸ್ಟೋನಿಯನ್ನಿನಲ್ಲಿ ಇದೆ, ಫಿನ್ನಿಶ್‌ನಲ್ಲಿ ಇಲ್ಲ. ಸದ್ದಿನ ಭೌತಿಕ ಅಂತರವನ್ನಷ್ಟೇ ನೋಡಿದರೆ ಆ ಸ್ವರಕ್ಕೆ ಫಿನ್ನಿಶರಲ್ಲೂ ದೊಡ್ಡ ಎಂಎಂಎನ್ ಬರಬೇಕಿತ್ತು, ಬಂದದ್ದು ಸಣ್ಣದು. ಎಸ್ಟೋನಿಯನ್ನರಲ್ಲಿ ಮಾತ್ರ ದೊಡ್ಡದಾಗಿ ಬಂತು.

ಈ ಅಲೆಗಳನ್ನು ಹಿಡಿಯುವುದರಲ್ಲಿ ನಿಜವಾದ ಪಾಡು ವಿದ್ಯುತ್ ಗದ್ದಲದ್ದು. ಎಂಎಂಎನ್‌ನ ಎತ್ತರ ಸಾಮಾನ್ಯವಾಗಿ ಒಂದರಿಂದ ಕೆಲವು ಮೈಕ್ರೊವೋಲ್ಟ್. ಮಿದುಳಿನ ಬೇರೆ ಚಟುವಟಿಕೆ ಅದರ ಹತ್ತುಪಟ್ಟು ಇರಬಹುದು. ಕಣ್ಣು ಮಿಟುಕಿಸಿದರಂತೂ 100 ಮೈಕ್ರೊವೋಲ್ಟ್ ದಾಟುತ್ತದೆ. ಹಾಗಾಗಿ ಒಂದೇ ಸದ್ದನ್ನು ಹಲವು ಸಲ ಕೇಳಿಸಿ, ಸದ್ದು ಶುರುವಾದ ಕ್ಷಣಕ್ಕೆ ಹೊಂದಿಸಿ ಸರಾಸರಿ ತೆಗೆಯುತ್ತಾರೆ. ಗದ್ದಲ ಇಳಿಯುವುದು ಎಣಿಕೆಯ ವರ್ಗಮೂಲದ ಲೆಕ್ಕದಲ್ಲಿ. ಒಂದು ಸಲಕ್ಕೆ 12 ಮೈಕ್ರೊವೋಲ್ಟ್ ಗದ್ದಲವಿದ್ದರೆ, 36 ಸಲ ಕೇಳಿಸಿದಾಗ ಅದು 2ಕ್ಕೆ, 144 ಸಲಕ್ಕೆ 1ಕ್ಕೆ, 576 ಸಲಕ್ಕೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಗದ್ದಲ ಅರ್ಧವಾಗಬೇಕಾದರೆ ನಾಲ್ಕುಪಟ್ಟು ಹೊತ್ತು ಕೂರಿಸಬೇಕು. ಅಷ್ಟು ಹೊತ್ತು ಕೂತವರಿಗೆ ತೂಕಡಿಕೆ ಬರುತ್ತದೆ, 10 ಹರ್ಟ್ಜ್ ಸುಮಾರಿನ ಆಲ್ಫಾ ಅಲೆ ಏಳುತ್ತದೆ, ಗಳಿಸಿದ್ದೆಲ್ಲ ಅದರಲ್ಲೇ ಕರಗುತ್ತದೆ. ನಡುನಡುವೆ ವಿರಾಮ ಕೊಡುವುದು ಕರುಣೆಯಿಂದಲ್ಲ, ಲೆಕ್ಕದಿಂದ.

ಒಂದು ವಾಡಿಕೆಯ ಅಳತೆ ಹೀಗಿರುತ್ತದೆ. ಒಟ್ಟು 1000 ಸದ್ದು. ಅದರಲ್ಲಿ 850 'ದ', 150 'ಬ'. ಒಂದು ಸದ್ದಿನ ಆರಂಭದಿಂದ ಮುಂದಿನದರ ಆರಂಭಕ್ಕೆ 600 ಮಿಲಿಸೆಕೆಂಡ್, ಅಲ್ಲಿಗೆ ಒಂದು ಸುತ್ತು 10 ನಿಮಿಷ. ಸದ್ದಿನ ಮಟ್ಟ 65ರಿಂದ 70 ಡೆಸಿಬೆಲ್. ಮೊದಲ ಹತ್ತು ಸದ್ದು 'ದ'ವೇ ಆಗಿರಬೇಕು, ಎರಡು 'ಬ' ಒಂದರ ಹಿಂದೆ ಒಂದು ಬರಬಾರದು, 'ಬ' ಆದ ಕೂಡಲೇ ಬರುವ 'ದ'ವನ್ನು ಸರಾಸರಿಗೆ ಸೇರಿಸಬಾರದು. ಎಲೆಕ್ಟ್ರೋಡಿನ ಕೆಳಗಿನ ಚರ್ಮವನ್ನು ಒರೆಸಿ, ಜೆಲ್ ಹಾಕಿ, ತಡೆಯನ್ನು 5 ಕಿಲೋಓಮ್‌ಗಿಂತ ಕೆಳಗೆ ತರುವುದು ಹಳೆಯ ಒಳ್ಳೆಯ ಅಭ್ಯಾಸ. ಜೆಲ್ ಹೆಚ್ಚಾಗಿ ಅಕ್ಕಪಕ್ಕದ ಎಲೆಕ್ಟ್ರೋಡುಗಳ ನಡುವೆ ಹರಿದರೆ ಎರಡೂ ಒಂದೇ ಆಗಿಬಿಡುತ್ತವೆ. ತೆರೆಯ ಮೇಲೆ ಎರಡು ಗೆರೆಗಳು ತದ್ರೂಪು ಕಂಡರೆ ಅದೇ ಕಾರಣ. ದಾಖಲೆಯನ್ನು 0.1ರಿಂದ 30 ಹರ್ಟ್ಜ್‌ವರೆಗೆ ಸೋಸಿ, ಪ್ರತಿ ಸದ್ದಿನ ಹಿಂದಿನ 100 ಮಿಲಿಸೆಕೆಂಡಿನಿಂದ ಮುಂದಿನ 500ರವರೆಗೆ ತುಂಡು ಮಾಡಿ, 100 ಮೈಕ್ರೊವೋಲ್ಟ್ ಮೀರಿದ ತುಂಡುಗಳನ್ನು ಎಸೆಯುತ್ತಾರೆ. ಕೆಳಗಿನ ಮಿತಿಯನ್ನು 0.1ರಿಂದ 2 ಹರ್ಟ್ಜ್‌ಗೆ ಏರಿಸಿದರೆ ಗೆರೆ ನೋಡಲು ಅಚ್ಚುಕಟ್ಟಾಗುತ್ತದೆ ನಿಜ, ಆದರೆ ನಿಜವಾದ ಅಲೆಯ ಹಿಂದೆ ಮುಂದೆ ಸುಳ್ಳು ಉಬ್ಬುಗಳು ಹುಟ್ಟಿಕೊಳ್ಳುತ್ತವೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಫಲಿತಾಂಶ ಸುಳ್ಳಾಗಬಹುದು. ಮುಖ್ಯ ಕಾರಣ ಸದ್ದಿನಲ್ಲೇ ಇರುತ್ತದೆ. 'ಬ'ಕ್ಕೆ ಬಂದ ಅಲೆಯಿಂದ 'ದ'ಕ್ಕೆ ಬಂದ ಅಲೆಯನ್ನು ಕಳೆದು, ಉಳಿದದ್ದನ್ನು ಎಂಎಂಎನ್ ಎಂದುಬಿಡುವುದು ಸುಲಭ. ಆದರೆ 'ಬ', 'ದ' ಎರಡೂ ಬೇರೆ ಸದ್ದುಗಳೇ ಆದ್ದರಿಂದ ಅವುಗಳ ಎನ್1 ಕೂಡ ಬೇರೆಯಾಗಿರುತ್ತದೆ. ಕಳೆದಾಗ ಆ ವ್ಯತ್ಯಾಸವೂ ಉಳಿಯುತ್ತದೆ. ಇದಕ್ಕೆ ಮದ್ದು ಎರಡನೆಯ ಸುತ್ತು: ಅದರಲ್ಲಿ 'ಬ' ಮರುಕಳಿಸುವ ಸದ್ದು, 'ದ' ಅಪರೂಪದ್ದು. ಅಪರೂಪವಾಗಿ ಬಂದ 'ಬ'ವನ್ನು ಮರುಕಳಿಸಿದ 'ಬ'ದೊಂದಿಗೇ ಹೋಲಿಸಬೇಕು. ಆಗ ಸದ್ದು ಅದೇ, ಬದಲಾದದ್ದು ಅದರ ಸ್ಥಾನ ಮಾತ್ರ.

ಕನ್ನಡದ ಸದ್ದುಗಳನ್ನು ಬಳಸುವವರು ಇನ್ನೊಂದು ಗುಂಡಿ ನೋಡಿಕೊಂಡು ಹೆಜ್ಜೆಯಿಡಬೇಕು. 'ಅತ', 'ಅಟ' ಎಂಬ ಜೋಡಿಯನ್ನೇ ತೆಗೆದುಕೊಳ್ಳಿ. ವ್ಯತ್ಯಾಸ ಶುರುವಾಗುವುದು ವ್ಯಂಜನದಲ್ಲಿ ಎಂದು ಕಣ್ಣಿಗೆ ಅನಿಸುತ್ತದೆ. ಆದರೆ 'ಟ'ಕ್ಕಾಗಿ ನಾಲಗೆಯ ತುದಿ ಹಿಂದಕ್ಕೆ ಮಡಚುವುದು ಹಿಂದಿನ 'ಅ' ಮುಗಿಯುವ ಮೊದಲೇ. ಆ ಸ್ವರದ ಕೊನೆಯಲ್ಲಿ ಮೂರನೆಯ ಫಾರ್ಮಂಟ್ (ಬಾಯಿಯ ಆಕಾರದಿಂದ ಗಟ್ಟಿಯಾಗುವ ಕಂಪನಗಳ ಪಟ್ಟಿ) ಕೆಳಗಿಳಿಯುತ್ತದೆ. ಕೇಳುಗರ ಮಿದುಳಿಗೆ ಸುಳಿವು ಸಿಗುವುದು ಅಲ್ಲಿ. ವ್ಯಂಜನ ಸಿಡಿಯುವ ಕ್ಷಣದಿಂದ ಕಾಲ ಎಣಿಸಿದರೆ ಎಂಎಂಎನ್ ಅಸಾಧ್ಯವೆನಿಸುವಷ್ಟು ಬೇಗ ಬಂದಂತೆ ತೋರುತ್ತದೆ. 'ಪ', 'ಬ'ಗಳದ್ದೂ ಇದೇ ಕಥೆ: ತುಟಿ ಬಿಚ್ಚುವುದಕ್ಕೆ ಎಷ್ಟೋ ಮಿಲಿಸೆಕೆಂಡ್ ಮೊದಲೇ 'ಬ'ದಲ್ಲಿ ಕೊರಳಿನ ಗುನುಗು ಶುರುವಾಗಿರುತ್ತದೆ. ಹಾಗಾಗಿ ಸದ್ದಿನ ಕಡತಗಳನ್ನು ಒಂದರ ಮೇಲೊಂದು ಇಟ್ಟು, ಎರಡೂ ಬೇರೆಯಾಗುವ ಮೊದಲ ಬಿಂದುವನ್ನು ಗುರುತಿಸಿ, ಗಡಿಯಾರ ಅಲ್ಲಿಂದ ಶುರುಮಾಡಬೇಕು.

ಉಪಕರಣವೂ ಮೋಸ ಮಾಡುತ್ತದೆ. ಕಂಪ್ಯೂಟರ್ 'ಈಗ ಸದ್ದು' ಎಂದು ಇಇಜಿ ಯಂತ್ರಕ್ಕೆ ಗುರುತು ಕಳಿಸಿದ ಕ್ಷಣಕ್ಕೂ ಸದ್ದು ನಿಜವಾಗಿ ಹೊರಬಿದ್ದ ಕ್ಷಣಕ್ಕೂ ಹತ್ತಾರು ಮಿಲಿಸೆಕೆಂಡ್ ಅಂತರವಿರಬಹುದು. ಅಂತರ ಸ್ಥಿರವಾಗಿದ್ದರೆ ಕಳೆದುಬಿಡಬಹುದು. ಸಲಸಲಕ್ಕೂ ಬದಲಾದರೆ ಸರಾಸರಿಯೇ ಮಸುಕಾಗುತ್ತದೆ. ಸದ್ದಿನ ತಂತಿಯ ಒಂದು ಕವಲನ್ನು ಇಇಜಿಯದೇ ಒಂದು ಖಾಲಿ ಚಾನೆಲ್‌ಗೆ, ಮಟ್ಟ ತಗ್ಗಿಸಿ, ಜೋಡಿಸಿ ನೋಡಿದರೆ ಅಂತರ ಕಣ್ಣಿಗೇ ಕಾಣುತ್ತದೆ. ದನಿಯನ್ನು ನಕಲು ಮಾಡುವ ಉತ್ತರ ಅಳೆಯುವವರಿಗೆ ಅಪಾಯ ಇನ್ನೂ ದೊಡ್ಡದು. ಇಯರ್‌ಫೋನಿನ ಕಾಂತಕ್ಷೇತ್ರ ನೇರವಾಗಿ ಎಲೆಕ್ಟ್ರೋಡಿನ ತಂತಿಗೆ ಸೋರಿದರೆ ಅದೂ ದನಿಯ ನಕಲೇ ಆಗಿರುತ್ತದೆ, ಮಿದುಳಿನ ಉತ್ತರಕ್ಕಿಂತ ಸೊಗಸಾಗಿ ಕಾಣುತ್ತದೆ ಕೂಡ. ಸದ್ದು ಹುಟ್ಟಿಸುವ ಭಾಗವನ್ನು ತಲೆಯಿಂದ ದೂರವಿಟ್ಟು ಕೊಳವೆಯ ಮೂಲಕ ಕಿವಿಗೆ ತಲುಪಿಸಬೇಕು. ಆಮೇಲೆ ಕೊಳವೆಯನ್ನು ಮುಚ್ಚಿ ಒಮ್ಮೆ ದಾಖಲಿಸಬೇಕು. ಆಗಲೂ ಅಲೆ ಬಂದರೆ ಅದು ಮಿದುಳಿನದಲ್ಲ.

ಇನ್ನು ಕಾಂತದ ಮಾತು. ಬದಲಾಗುವ ಕಾಂತಕ್ಷೇತ್ರ ತನ್ನ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಪ್ರೇರೇಪಿಸುತ್ತದೆ ಎಂದು ಫ್ಯಾರಡೆ 1831ರಲ್ಲಿ ತೋರಿಸಿದ. ಆ್ಯಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಶೆಫೀಲ್ಡ್‌ನಲ್ಲಿ ಅದನ್ನೇ ಮನುಷ್ಯರ ಮಿದುಳಿನ ಮೇಲೆ ಮಾಡಿ ತೋರಿಸಿದರು: ನೆತ್ತಿಯ ಮೇಲೆ ತಂತಿಯ ಸುರುಳಿ ಹಿಡಿದು ಒಂದು ಮಿಡಿತ ಕೊಟ್ಟರೆ ಕೈ ತಾನಾಗಿ ಅದುರಿತು. ಯಂತ್ರದೊಳಗೆ ಸಾವಿರಾರು ವೋಲ್ಟ್‌ಗೆ ತುಂಬಿಸಿಟ್ಟ ಕೆಪಾಸಿಟರ್ ಇರುತ್ತದೆ. ಅದು ಒಮ್ಮೆಲೇ ಸುರುಳಿಗೆ ಸುರಿದಾಗ ಸಾವಿರಾರು ಆಂಪಿಯರ್ ಹರಿದು, ಮಿಲಿಸೆಕೆಂಡಿನ ಒಂದು ಪಾಲಿನೊಳಗೆ 1ರಿಂದ 2 ಟೆಸ್ಲಾ ಕ್ಷೇತ್ರ ಎದ್ದು ಬೀಳುತ್ತದೆ. ಮೂಳೆ ಕಾಂತಕ್ಷೇತ್ರಕ್ಕೆ ಅಡ್ಡಿಯೇ ಅಲ್ಲ. ಅಡ್ಡಿ ದೂರ. ಎಂಟರ ಆಕಾರದ ಸುರುಳಿಯಲ್ಲಿ ಎರಡು ವೃತ್ತ ಸೇರುವ ನಡುಭಾಗದ ಕೆಳಗೆ ಪರಿಣಾಮ ಹೆಚ್ಚು, ಆದರೆ ಅದು ಮುಟ್ಟುವುದು 2–3 ಸೆಂಟಿಮೀಟರ್ ಆಳವನ್ನಷ್ಟೇ. ಬಿರುಕಿನೊಳಗೆ ಅಡಗಿರುವ ಶ್ರವಣ ತೊಗಟೆಯ ಮುಖ್ಯ ಭಾಗವನ್ನು ಇದರಿಂದ ಹೊಡೆಯುವುದು ಕಷ್ಟ. ತುಟಿ, ನಾಲಗೆ, ಕೈಗಳನ್ನು ಆಡಿಸುವ ಚಾಲಕ ತೊಗಟೆ ಮೇಲ್ಮೈಗೆ ಹತ್ತಿರ, ಸುಲಭವಾಗಿ ಎಟಕುತ್ತದೆ. ಅಲ್ಲದೆ ಗುರಿ ಸರಿಯಾಯಿತೇ ಎಂದು ಸ್ನಾಯುವೇ ಅದುರಿ ಹೇಳುತ್ತದೆ.

ಕೈಯಿಂದ ಶುರುಮಾಡುವುದು ವಾಡಿಕೆ. ತೋರುಬೆರಳಿನ ಬುಡದ ಸ್ನಾಯುವಿಗೆ ಎರಡು ಎಲೆಕ್ಟ್ರೋಡ್ ಅಂಟಿಸಿ, ಎಡ ಚಾಲಕ ತೊಗಟೆಯ ಮೇಲೆ ಸುರುಳಿ ಸರಿಸುತ್ತ, 20 ಮಿಲಿಸೆಕೆಂಡಿನ ಆಚೀಚೆ ದೊಡ್ಡ ಉತ್ತರ ಬರುವ ಬಿಂದು ಹುಡುಕುತ್ತಾರೆ. ಹತ್ತು ಮಿಡಿತಗಳಲ್ಲಿ ಐದಕ್ಕಾದರೂ 50 ಮೈಕ್ರೊವೋಲ್ಟ್ ಉತ್ತರ ತರುವ ಅತಿ ಕಡಿಮೆ ಬಲವೇ ಆ ವ್ಯಕ್ತಿಯ ಹೊಸ್ತಿಲು. ಮುಂದಿನ ಬಲವನ್ನೆಲ್ಲ ಇದರ ಶೇಕಡಾವಾರಿನಲ್ಲಿ ಗೊತ್ತುಮಾಡುತ್ತಾರೆ. ತುಟಿಯ ಜಾಗ ಕೈಯದಕ್ಕಿಂತ ಕೆಳಗೆ, ಪಕ್ಕಕ್ಕೆ. ಅದನ್ನು ಹುಡುಕುವಾಗ ತುಟಿಯನ್ನು ಹಗುರವಾಗಿ ಬಿಗಿಹಿಡಿಯಲು ಹೇಳಬೇಕಾಗುತ್ತದೆ, ಇಲ್ಲದಿದ್ದರೆ ಉತ್ತರ ಬರುವುದೇ ಅಪರೂಪ. ತೊಗಟೆಯಿಂದ ಹೊರಟ ಉತ್ತರ ತುಟಿಗೆ ತಲುಪಲು 10 ಮಿಲಿಸೆಕೆಂಡಿನಷ್ಟು ಬೇಕು. 5 ಮಿಲಿಸೆಕೆಂಡಿನೊಳಗೇ ಬಂದರೆ ಅದು ಮಿಡಿತ ಮುಖದ ನರವನ್ನೇ ನೇರವಾಗಿ ತಟ್ಟಿದ್ದರಿಂದ ಬಂದದ್ದು, ಲೆಕ್ಕಕ್ಕಿಲ್ಲ. ಇಇಜಿ ಟೋಪಿ ಹಾಕುವುದಿದ್ದರೆ ಹೊಸ್ತಿಲನ್ನೂ ಟೋಪಿ ಹಾಕಿಯೇ ಅಳೆಯಬೇಕು. ಸುರುಳಿ ಒಂದು ಮಿಲಿಮೀಟರ್ ದೂರವಾದರೆ ಯಂತ್ರದ ಪೂರ್ಣ ಬಲದ ಶೇ 3ರಷ್ಟು ಹೆಚ್ಚು ಬೇಕಾಗುತ್ತದೆ. ಬರಿದಲೆಯಲ್ಲಿ ಅಳೆದು ಟೋಪಿಯ ಮೇಲೆ ಕೊಟ್ಟರೆ ಮಿಡಿತ ತೊಗಟೆಗೆ ಸಾಲದೆ ಹೋಗುತ್ತದೆ.

ಮಾತು ಕೇಳುವಾಗ ಚಾಲಕ ತೊಗಟೆ ಚುರುಕಾಗುತ್ತದೆ ಎಂಬುದಕ್ಕೆ ಈ ಅದುರುವಿಕೆಯೇ ಮೊದಲ ಪುರಾವೆ ಕೊಟ್ಟಿತು. 2002ರಲ್ಲಿ ಲೂಚಿಯಾನೊ ಫಾದಿಗಾ ತಂಡ, ನಾಲಗೆ ಬಲವಾಗಿ ಕಂಪಿಸಬೇಕಾದ ಇಟಾಲಿಯನ್ ಪದಗಳನ್ನು ಕೇಳುವಾಗ ನಾಲಗೆಯ ಉತ್ತರ ಹಿಗ್ಗುವುದನ್ನು ಕಂಡಿತು. 2003ರಲ್ಲಿ ಕೇಟ್ ವಾಟ್ಕಿನ್ಸ್ ಮತ್ತು ಸಂಗಡಿಗರು ತುಟಿಗೂ ಹೀಗೇ ಆಗುತ್ತದೆಂದು ತೋರಿಸಿದರು. ಹಿಗ್ಗಿದ್ದು ಸರಿ, ಆದರೆ ಕೇಳುವಿಕೆಗೆ ಅದರಿಂದ ಏನಾದರೂ ಪ್ರಯೋಜನವಿದೆಯೇ?

ಉತ್ತರಕ್ಕೆ ಎರಡು ವಿಧಾನಗಳನ್ನೂ ಹೆಣೆಯಬೇಕಾಯಿತು. ನಿಧಾನವಾಗಿ, ಸೆಕೆಂಡಿಗೆ ಒಂದು ಅಥವಾ ಅದಕ್ಕಿಂತ ಕಡಿಮೆ ಮಿಡಿತವನ್ನು ಹಲವು ನಿಮಿಷ ಕೊಟ್ಟರೆ ಆ ಜಾಗದ ಚುರುಕು ಕೆಲಹೊತ್ತು ತಗ್ಗುತ್ತದೆ. 1997ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ 0.9 ಹರ್ಟ್ಜ್‌ನಂತೆ 15 ನಿಮಿಷ, ಅಂದರೆ 810 ಮಿಡಿತ ಕೊಟ್ಟಾಗ ಕೈಸ್ನಾಯುವಿನ ಉತ್ತರ ಸರಾಸರಿ ಐದನೇ ಒಂದು ಭಾಗ ಕುಗ್ಗಿ, ಮುಂದಿನ ಕಾಲು ಗಂಟೆಯಾದರೂ ಹಾಗೇ ಇತ್ತು. ಆ ಕಾಲು ಗಂಟೆಯೇ ಅವಕಾಶ. ಸುರುಳಿ ಬದಿಗಿಟ್ಟು, ಅಷ್ಟರೊಳಗೆ ಸದ್ದಿನ ಸಾಲು ಕೇಳಿಸಿ ಎಂಎಂಎನ್ ಅಳೆದುಬಿಡಬೇಕು. ಮೇಲೆ ಹೇಳಿದ 10 ನಿಮಿಷದ ಸುತ್ತು ಇದರೊಳಗೆ ಹಿಡಿಸುತ್ತದೆ. ಎಲೆಕ್ಟ್ರೋಡಿನ ತಡೆ ಸರಿಪಡಿಸುತ್ತ ಐದು ನಿಮಿಷಕ್ಕಿಂತ ಹೆಚ್ಚು ಕಳೆದರೆ ಕೈತಪ್ಪುತ್ತದೆ.

ಆಕ್ಸ್‌ಫರ್ಡ್‌ನಲ್ಲಿ ರೀಕ್ಕಾ ಮೊಟ್ಟೊನೆನ್, ವಾಟ್ಕಿನ್ಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಜಾಡಿನದು. ಎಡ ಚಾಲಕ ತೊಗಟೆಯಲ್ಲಿ ತುಟಿಯ ಜಾಗವನ್ನು ತಗ್ಗಿಸಿದಾಗ ಮಾತಿನ ಸದ್ದುಗಳ ಬದಲಾವಣೆಗೆ ಬರುವ ಉತ್ತರ ಕುಗ್ಗಿತು. ಕೇಳುಗರು ಮೂಕ ವಿಡಿಯೊ ನೋಡುತ್ತಿದ್ದರು, ಸದ್ದನ್ನು ಗುರುತಿಸುವ ಕೆಲಸವೇನೂ ಅವರಿಗಿರಲಿಲ್ಲ. ಪ್ರಯೋಗದ ಬಲವೆಲ್ಲ ಅದರ ಎರಡು ಹೋಲಿಕೆಗಳಲ್ಲಿದೆ. ಕೈಯ ಜಾಗವನ್ನು ತಗ್ಗಿಸಿದರೆ ಮಾತಿನ ಉತ್ತರ ಬದಲಾಗಲಿಲ್ಲ; ಹಾಗಾಗಿ ದಣಿವು, ಮಿಡಿತದೊಂದಿಗೆ ಸುರುಳಿ ಮಾಡುವ ಟಕ್ ಸದ್ದು, ತಲೆಯ ಮೇಲಿನ ತಟ್ಟು ಕಾರಣವಲ್ಲ. ತುಟಿಯ ಜಾಗವನ್ನು ತಗ್ಗಿಸಿದರೂ ಪಿಯಾನೊ ಸ್ವರಗಳ ಉತ್ತರ ಬದಲಾಗಲಿಲ್ಲ. ಹಾಗಾಗಿ ಕೇಳುವಿಕೆಯೇ ಒಟ್ಟಾರೆ ಮಂಕಾಗಿಲ್ಲ. ಈ ಎರಡೂ ಇಲ್ಲದ ಕಾಂತ ಪ್ರಯೋಗವನ್ನು ಓದುವಾಗ ಹುಬ್ಬೇರಿಸುವುದು ತಪ್ಪಲ್ಲ.

ಇದರಿಂದ 'ತುಟಿಯಿಂದಲೇ ಕೇಳುತ್ತೇವೆ' ಎಂದು ಹೊರಟರೆ ಅತಿಯಾಯಿತು. ಅಲೆ ಕುಗ್ಗಿತೇ ಹೊರತು ಮಾಯವಾಗಲಿಲ್ಲ. ಮುಂಭಾಗದ ಮಿದುಳಿಗೆ ಪೆಟ್ಟಾಗಿ ಮಾತಾಡಲು ತಡವರಿಸುವ ಎಷ್ಟೋ ರೋಗಿಗಳು ಬೇರೆಯವರ ಮಾತನ್ನು ಚೆನ್ನಾಗಿಯೇ ಅರ್ಥಮಾಡಿಕೊಳ್ಳುತ್ತಾರೆ. ಗದ್ದಲದಲ್ಲಿ ಅಥವಾ ಸದ್ದು ಅತ್ತ 'ಬ'ವೂ ಅಲ್ಲದೆ ಇತ್ತ 'ದ'ವೂ ಅಲ್ಲದೆ ಇದ್ದಾಗ ಚಾಲಕ ತೊಗಟೆ ನೆರವಿಗೆ ಬರುತ್ತದೆ ಎಂಬುದು ಸದ್ಯಕ್ಕೆ ಹೆಚ್ಚು ಒಪ್ಪುವ ಓದು.

ಸುರಕ್ಷತೆಯ ವಿಷಯ ಚಿಕ್ಕದು, ಸಡಿಲಿಕೆ ಇಲ್ಲದ್ದು. ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನೊಳಗಿನ ಲೋಹದ ಕ್ಲಿಪ್ ಅಥವಾ ಪ್ರಚೋದಕ ಇರುವವರಿಗೆ, ಅಪಸ್ಮಾರದ ಹಿನ್ನೆಲೆ ಇರುವವರಿಗೆ ಇಂಥ ಪ್ರಯೋಗ ಸಲ್ಲ. ಸೆಳವು ಅಪರೂಪ, ಆದರೆ ಆಗುವುದೇ ಇಲ್ಲವೆಂದಲ್ಲ. ಮಿಡಿತದೊಂದಿಗೆ ಸುರುಳಿ ಹೊಡೆಯುವ ಟಕ್ ಸದ್ದು ಕಿವಿಗೆ ಹಾನಿ ಮಾಡುವಷ್ಟು ತೀಕ್ಷ್ಣ. ಹಿಡಿದವರಿಗೂ ಕೂತವರಿಗೂ ಕಿವಿಬಿರಡೆ ಬೇಕು.

ಮಿಡಿತ ಮುಗಿಸಿ ಆಮೇಲೆ ಅಳೆಯುವ ವಿಧಾನಕ್ಕೆ ಒಂದು ಮಿತಿಯಿದೆ. ತುಟಿಯ ಜಾಗ ಕೇಳುವಿಕೆಗೆ ಯಾವ ಕ್ಷಣದಲ್ಲಿ ಕೈಜೋಡಿಸುತ್ತದೆ ಎಂದು ಅದು ತಿಳಿಸದು. ಅದಕ್ಕೆ ಸದ್ದು ಬಂದ ಮೇಲೆ 50ಕ್ಕೋ 100 ಮಿಲಿಸೆಕೆಂಡಿಗೋ ಒಂದೇ ಮಿಡಿತ ಕೊಟ್ಟು, ಅದೇ ಹೊತ್ತಿನಲ್ಲಿ ಇಇಜಿಯನ್ನೂ ಹಿಡಿಯಬೇಕು. ಮಿಡಿತ ಎಲೆಕ್ಟ್ರೋಡಿನಲ್ಲಿ ಎಬ್ಬಿಸುವ ವೋಲ್ಟೇಜಿನ ಮುಂದೆ ಮಿದುಳಿನ ಅಲೆ ಲೆಕ್ಕಕ್ಕೇ ಇಲ್ಲ. ಸಾಮಾನ್ಯ ಆಂಪ್ಲಿಫೈಯರ್ ಅಂಚು ಮುಟ್ಟಿ ನೂರಾರು ಮಿಲಿಸೆಕೆಂಡ್ ಕುರುಡಾಗುತ್ತದೆ. ಅಗಲ ವ್ಯಾಪ್ತಿಯ ಆಂಪ್ಲಿಫೈಯರ್, ಸೆಕೆಂಡಿಗೆ 5000 ಮಾದರಿಗಿಂತ ಹೆಚ್ಚಿನ ವೇಗ, ಬಿಸಿಯೇರದಂತೆ ಸೀಳು ಬಿಟ್ಟ ಉಂಗುರದ ಎಲೆಕ್ಟ್ರೋಡ್, ಸುರುಳಿಯಿಂದ ದೂರಕ್ಕೆ ಹೊರಳಿಸಿದ ತಂತಿಗಳು ಇದ್ದರೆ ಕತ್ತರಿಸಿ ಎಸೆಯಬೇಕಾದದ್ದು ಮೊದಲ ಹತ್ತು ಹದಿನೈದು ಮಿಲಿಸೆಕೆಂಡಿಗೆ ಇಳಿಯುತ್ತದೆ. ಉಳಿಯುವ ತೊಡಕು ಟಕ್ ಸದ್ದಿನದು. ಅದಕ್ಕೂ ಎನ್1 ಬರುತ್ತದೆ, ನಾವು ಹುಡುಕುತ್ತಿರುವ ಕಾಲದಲ್ಲೇ. ಕಿವಿಗೆ ಮರೆಮಾಚುವ ಗದ್ದಲ ಹಾಕಿದರೆ ಮಾತಿನ ಸದ್ದೂ ಮರೆಯಾಗುತ್ತದೆ. ಸುರುಳಿಗೂ ತಲೆಗೂ ನಡುವೆ ತೆಳು ಫೋಮ್ ಇಟ್ಟರೆ ಮೂಳೆಯ ಮೂಲಕ ಬರುವ ಕಂಪನ ತಗ್ಗುತ್ತದೆ, ಬಲ ಹೆಚ್ಚಿಸಬೇಕಾಗುತ್ತದೆ. ಬರೀ ಟಕ್ ಸದ್ದಿಗೆ ಬಂದ ಅಲೆಯನ್ನು ಬೇರೆಯಾಗಿ ದಾಖಲಿಸಿ ಕಳೆಯೋಣವೆಂದರೆ ಅದೂ ಪೂರ್ತಿ ನ್ಯಾಯವಲ್ಲ: 'ಬ' ಕೇಳಿ 100 ಮಿಲಿಸೆಕೆಂಡೂ ಆಗದ ಶ್ರವಣ ತೊಗಟೆ ಟಕ್ ಸದ್ದಿಗೆ ಕೊಡುವ ಉತ್ತರ, ಮೌನದಲ್ಲಿ ಕೊಡುವ ಉತ್ತರದಷ್ಟು ದೊಡ್ಡದಿರುವುದಿಲ್ಲ. ಕಳೆದಾಗ ಇಲ್ಲದ ಅಲೆಯೊಂದು ಹುಟ್ಟುತ್ತದೆ. ಹಾಗಾಗಿ ಈ ಬಗೆಯ ಪ್ರಯೋಗಗಳಲ್ಲಿ ತುಟಿಯ ಜಾಗದ ಮಿಡಿತವನ್ನು ಅದೇ ಕ್ಷಣಕ್ಕೆ, ಅದೇ 'ಬ'ದ ಮೇಲೆ, ಕೈಯ ಜಾಗಕ್ಕೆ ಕೊಟ್ಟ ಮಿಡಿತದೊಂದಿಗೆ ಹೋಲಿಸುತ್ತಾರೆ. ಟಕ್ ಸದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅದನ್ನು ಕಳೆಯುವ ಪ್ರಮೇಯವೇ ಬರುವುದಿಲ್ಲ.